ಅವಧಿಮೀರಿದ ವಾಸವೂ ಅದರ ದಂಡವೂ

ಪರದೇಶದಿಂದ ಬಂದವನು ತನಗೆ ಗೊತ್ತುಮಾಡಿಕೊಟ್ಟ ದಿನವು ಕಳೆದ ಮೇಲೆಯೂ ಈ ದೇಶದಲ್ಲಿ ಉಳಿದುಕೊಂಡರೆ ಅವನಿಗೆ ವಿಧಿಸತಕ್ಕ ದಂಡವೇನು ಎಂಬ ಪ್ರಶ್ನೆಗೆ ೨೦೨೫ನೆಯ ಇಸವಿ ಸೆಪ್ಟೆಂಬರ್ ೧ನೆಯ ತಾರೀಖಿನಿಂದ ಉತ್ತರವು ಬೇರೆಯಾಗಿದೆ. ಅಂದು ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಅಧಿನಿಯಮವು, ಅದುವರೆಗೆ ಈ ವಿಷಯವನ್ನು ಆಳುತ್ತಿದ್ದ ೧೯೨೦, ೧೯೩೯, ೧೯೪೬ ಮತ್ತು ೨೦೦೦ನೆಯ ಇಸವಿಗಳ ನಾಲ್ಕು ಶಾಸನಗಳನ್ನು ರದ್ದುಮಾಡಿ ಅವುಗಳ ಸ್ಥಾನದಲ್ಲಿ ನಿಂತಿದೆ. ಕಾಯಿದೆಯ ವಿಚಾರವು ನ್ಯಾಯವಾದಿಗಳಿಗೆ ಸೇರಿದ್ದು, ಸಾಹಿತ್ಯದ ಉಪಾಧ್ಯಾಯರಿಗೆ ಇದರಿಂದೇನು ಎಂದು ಕೇಳಬಹುದು. ಅದಕ್ಕೆ ಸಮಾಧಾನವಿಷ್ಟೆ: ಈ ಶಾಸನವು ಮೂರು ಬೇರೆ ಬೇರೆ ಅಪರಾಧಗಳಿಗೆ ಮೂರು ಬೇರೆ ಬೇರೆ ದಂಡಗಳನ್ನು ಹೇಳುತ್ತದೆ, ಕನ್ನಡದ ವೃತ್ತಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಆ ಮೂವರಿಗೂ ‘ಅಕ್ರಮ ವಲಸಿಗ’ ಎಂಬ ಒಂದೇ ಹೆಸರು ನಡೆಯುತ್ತಿದೆ. ಹೆಸರು ಒಂದಾದಲ್ಲಿ ಅಪರಾಧವೂ ಒಂದೇ ಎಂಬ ಭಾವನೆ ಹುಟ್ಟುವುದು ಸಹಜವು. ಒಂದು ಅಪರಾಧಕ್ಕೂ ಇನ್ನೊಂದಕ್ಕೂ ನಡುವೆ ವರ್ಷಗಟ್ಟಲೆ ಸೆರೆವಾಸದ ಅಂತರವಿರುವಾಗ ಈ ಶಬ್ದಸಾಂಕರ್ಯವನ್ನು ಕೇವಲ ಶೈಲಿಯ ದೋಷವೆಂದು ಬಿಟ್ಟುಬಿಡುವಂತಿಲ್ಲ.

ಮೊದಲು ಶಬ್ದಗಳ ವಿಚಾರ. ‘ವೀಸಾ’ ಎಂಬುದು ಲ್ಯಾಟಿನ್ ಭಾಷೆಯಿಂದ ಬಂದ ಮಾತು. ‘ನೋಡಲ್ಪಟ್ಟ ಪತ್ರ’ ಎಂಬರ್ಥದ ಪದಸಮುದಾಯದಲ್ಲಿ ಪತ್ರವೆಂಬ ವಿಶೇಷ್ಯವು ಬಿದ್ದುಹೋಗಿ ‘ನೋಡಲ್ಪಟ್ಟದ್ದು’ ಎಂಬ ವಿಶೇಷಣ ಮಾತ್ರ ಉಳಿದಿದೆ. ಪಾಸ್‌ಪೋರ್ಟು ಎಂಬುದು ಸ್ವದೇಶದ ಸರ್ಕಾರವು ತನ್ನ ಪ್ರಜೆಗೆ ಕೊಡುವ ಗುರುತು. ವೀಸಾ ಎಂಬುದು ಪರದೇಶದ ಸರ್ಕಾರವು ಆ ಗುರುತನ್ನು ನೋಡಿ ಒತ್ತುವ ಒಪ್ಪಿಗೆ. ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ರಹದಾರಿ’ ಎಂಬ ಪಾರಸೀ ಮೂಲದ ಶಬ್ದವು ಎರಡನ್ನೂ ಒಳಕೊಳ್ಳುವಷ್ಟು ಸಡಿಲವಾಗಿದೆ. ದಾರಿಯಲ್ಲಿ ತಡೆದವನಿಗೆ ತೋರಿಸತಕ್ಕ ಕಾಗದ ಎಂಬುದಷ್ಟೇ ಅದರ ತಾತ್ಪರ್ಯ. ಆ ಕಾಗದವು ಎಷ್ಟು ದಿನ ಸಲ್ಲುತ್ತದೆ, ಯಾವ ಕೆಲಸಕ್ಕೆ ಸಲ್ಲುತ್ತದೆ ಎಂಬ ಅಂಶವು ಶಬ್ದದಲ್ಲಿ ಇಲ್ಲ. ಪ್ರಕೃತ ವಿಷಯವೆಲ್ಲವೂ ಶಬ್ದದಲ್ಲಿಲ್ಲದ ಆ ಎರಡು ಅಂಶಗಳ ಮೇಲೆಯೇ ನಿಂತಿದೆ.

ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅಧ್ಯಕ್ಷಪ್ರಚಾರವೆಂಬ ಎರಡನೆಯ ಅಧಿಕರಣದೊಳಗೆ, ಮುದ್ರಾಧ್ಯಕ್ಷನೆಂಬ ಅಧಿಕಾರಿಯೊಬ್ಬನು ಬರುತ್ತಾನೆ. ಒಂದು ಮಾಷಕವನ್ನು ತೆಗೆದುಕೊಂಡು ಮುದ್ರೆಯನ್ನು ಕೊಡುವುದು ಇವನ ಕೆಲಸ. ಮುದ್ರೆಯಿದ್ದವನು ಜನಪದವನ್ನು ಹೊಗಬಹುದು, ಬಿಡಬಹುದು. ಮುದ್ರೆಯಿಲ್ಲದೆ ಸಿಕ್ಕಿದವನು ಆ ನಾಡಿನವನೇ ಆಗಿದ್ದರೆ ಹನ್ನೆರಡು ಪಣ ತೆರಬೇಕು. ಹದಿನಾರು ಮಾಷಕಕ್ಕೆ ಒಂದು ಪಣವೆಂದು ಎಣಿಸಿದರೆ ಈ ದಂಡವು ಮುದ್ರೆಯ ಬೆಲೆಯ ೧೯೨ ಪಾಲಾಗುತ್ತದೆ. ಕೂಟಮುದ್ರೆಗೆ, ಅಂದರೆ ಸುಳ್ಳು ಮುದ್ರೆಗೆ, ಪೂರ್ವಸಾಹಸದಂಡ. ಕೂಟಮುದ್ರೆಯವನು ಪರನಾಡಿನವನಾಗಿದ್ದರೆ ಉತ್ತಮಸಾಹಸದಂಡ. ಅದೇ ಗ್ರಂಥದ ಎಣಿಕೆಯಂತೆ ಮೊದಲನೆಯದು ೪೮ ಪಣದಿಂದ ೯೬ರವರೆಗೆ, ಕಡೆಯದು ೫೦೦ರಿಂದ ೧೦೦೦ದವರೆಗೆ. ಮುದ್ರೆಯನ್ನು ನೋಡುವವನು ವಿವೀತಾಧ್ಯಕ್ಷ, ಎಂದರೆ ಹುಲ್ಲುಗಾವಲುಗಳ ಮೇಲ್ವಿಚಾರಕನು. ಇಲ್ಲಿ ಕ್ರಿಯಾಪದವು ‘ನೋಡಬೇಕು’ ಎಂದೇ ಇರುವುದನ್ನು ಲಕ್ಷಿಸಬೇಕು. ಲ್ಯಾಟಿನ್ನಿನ ಮಾತಿಗೂ ಇದಕ್ಕೂ ಸಂಬಂಧವೇನೂ ಇಲ್ಲ. ಆದರೂ ಗಡಿಯಲ್ಲಿ ನಿಂತ ಅಧಿಕಾರಿಯ ಕೆಲಸವನ್ನು ಎರಡು ನಾಡುಗಳೂ ಒಂದೇ ಧಾತ್ವರ್ಥದಿಂದ ಹೇಳಿಕೊಂಡಿವೆ.

ಹೀಗೆ ಅಮುದ್ರ, ಕೂಟಮುದ್ರ ಎಂಬ ಎರಡು ಅಪರಾಧಗಳು ಅಲ್ಲಿ ಸ್ಪಷ್ಟವಾಗಿವೆ. ಮೂರನೆಯದು, ಎಂದರೆ ಸರಿಯಾದ ಮುದ್ರೆಯಿಂದಲೇ ಒಳಗೆ ಬಂದು ಗಡುವು ಮೀರಿ ಉಳಿದವನ ಅಪರಾಧವು, ಆ ಪ್ರಕರಣದಲ್ಲಿ ಇಲ್ಲ. ಮುದ್ರೆಯ ಮೇಲೆ ಹಿಂದಿರುಗುವ ದಿನವನ್ನು ಬರೆಯುವ ವಿಧಿಯೇ ಅಲ್ಲಿ ಹೇಳಲ್ಪಟ್ಟಿಲ್ಲ. ಪ್ರವೇಶವು ಒಂದು ಕ್ಷಣದ ಕ್ರಿಯೆ. ಅದು ಸರಿಯಾಗಿ ನಡೆದರೆ ಅಲ್ಲಿಗೆ ಮುಗಿಯಿತು. ವಾಸವನ್ನು ದಿನಗಳಲ್ಲಿ ಅಳೆದು, ಗೊತ್ತಾದ ದಿನದ ಮಧ್ಯರಾತ್ರಿ ಕಳೆದೊಡನೆ ನಿರಪರಾಧಿಯನ್ನು ಅಪರಾಧಿಯನ್ನಾಗಿ ಮಾಡುವ ಕ್ರಮವು ಆಧುನಿಕ ರಾಜ್ಯಗಳು ಕಲ್ಪಿಸಿಕೊಂಡದ್ದು. ಇಲ್ಲಿ ಮನುಷ್ಯನು ಏನನ್ನೂ ಮಾಡಬೇಕಾಗಿಲ್ಲ. ಸುಮ್ಮನೆ ಇದ್ದರೆ ಸಾಕು, ಕಾಲವೇ ಅಪರಾಧವನ್ನು ಮಾಡಿ ಮುಗಿಸುತ್ತದೆ.

ವಾಸಕ್ಕೆ ಕಾಲಮಿತಿಯನ್ನು ಹಾಕುವ ಭಾವನೆ ಮಾತ್ರ ಸಂಸ್ಕೃತ ವಾಙ್ಮಯಕ್ಕೆ ಹೊಸದಲ್ಲ. ಅದು ದಂಡಪ್ರಕರಣದಲ್ಲಿಲ್ಲ, ಅತಿಥಿಪ್ರಕರಣದಲ್ಲಿದೆ. ‘ಅತಿಥಿ’ ಶಬ್ದಕ್ಕೆ ‘ತಿಥಿಯಿಲ್ಲದೆ ಬರುವವನು’ ಎಂಬ ವಿವರಣೆಯೇ ಲೋಕಪ್ರಸಿದ್ಧವಾಗಿದೆ. ಪಾಠಶಾಲೆಗಳಲ್ಲಿ ಹುಡುಗರಿಗೂ ಅದನ್ನೇ ಹೇಳಿಕೊಡುತ್ತಾರೆ. ಯಾಸ್ಕನ ನಿರುಕ್ತವನ್ನು ನೋಡಿದರೆ ಅಲ್ಲಿಯ ನಿರ್ವಚನವು ಇದಕ್ಕೆ ವಿಪರೀತವಾಗಿದೆ. ತಿಥಿಗಳಲ್ಲಿ ಪರರ ಮನೆಗಳನ್ನು ಕುರಿತು ಬರುವವನು ಅತಿಥಿ ಎಂದು ಆತನು ಹೇಳುತ್ತಾನೆ. ಮನುಸ್ಮೃತಿಯ ಮೂರನೆಯ ಅಧ್ಯಾಯವು ಬರುವ ದಿನವನ್ನು ಬಿಟ್ಟು ಇರುವ ದಿನವನ್ನು ಹಿಡಿಯುತ್ತದೆ. ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿ. ಅವನ ಇರವು ಅನಿತ್ಯವಾದ್ದರಿಂದಲೇ ಆ ಹೆಸರು ಬಂದಿತೆಂದು ಅಲ್ಲಿಯ ಅಭಿಪ್ರಾಯ. ಈ ಲಕ್ಷಣದಂತೆ ಎರಡನೆಯ ರಾತ್ರಿಯೂ ಉಳಿದವನು ತಪ್ಪು ಮಾಡಿದನೆಂದಲ್ಲ. ಅವನಿಗೆ ಅತಿಥಿಯೆಂಬ ಹೆಸರು ಸಲ್ಲುವುದಿಲ್ಲ, ಅಷ್ಟೆ. ಸತ್ಕಾರವನ್ನು ಕೇಳುವ ಅವನ ಅಧಿಕಾರವು ತಪ್ಪಿತೇ ಹೊರತು ದಂಡವು ಬರಲಿಲ್ಲ. ಇಂದಿನ ಶಾಸನವು ಅತಿಥಿಗೆ ತಿಥಿಯನ್ನು ಬರೆದುಕೊಟ್ಟು, ಆ ತಿಥಿಯ ಮುಂದೆ ಸೆರೆಮನೆಯನ್ನು ಇಟ್ಟಿದೆ.

ಶಾಸನಗಳ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಬ್ರಿಟಿಷ್ ಸರ್ಕಾರವು ೧೮೬೪ರಲ್ಲಿಯೇ ವಿದೇಶೀಯರ ಕಾಯಿದೆಯೊಂದನ್ನು ಮಾಡಿತ್ತು. ಎರಡನೆಯ ಮಹಾಯುದ್ಧದ ಭಯದಿಂದ ಹುಟ್ಟಿದ ವಿಧಿಗಳು ಯುದ್ಧವು ಮುಗಿದ ಮೇಲೆ ೧೯೪೬ರ ವಿದೇಶೀಯರ ಕಾಯಿದೆಯಾಗಿ ಸ್ಥಿರಪಟ್ಟವು. ಶತ್ರುವಿನ ಬೇಹುಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಆ ಕಾಯಿದೆಯು ಸ್ವತಂತ್ರ ಭಾರತದಲ್ಲಿ ಎಪ್ಪತ್ತೆಂಟು ವರ್ಷಗಳ ಕಾಲ ಯಾತ್ರಿಕನಿಗೂ ವಿದ್ಯಾರ್ಥಿಗೂ ರೋಗಿಗೂ ಅನ್ವಯಿಸುತ್ತಿದ್ದಿತು. ಅದರ ೧೪ನೆಯ ಪ್ರಕರಣದಂತೆ ಅವಧಿಮೀರಿ ಉಳಿದವನಿಗೆ ಐದು ವರ್ಷಗಳವರೆಗೆ ಸೆರೆವಾಸ, ಅದರ ಮೇಲೆ ಜುಲ್ಮಾನೆ. ತಾನು ವಿದೇಶೀಯನಲ್ಲವೆಂದು ತೋರಿಸುವ ಭಾರವು ಆರೋಪಿಯ ಮೇಲೆಯೇ ಇದ್ದಿತು. ಸಾಮಾನ್ಯ ಅಪರಾಧಗಳಲ್ಲಿ ಸರ್ಕಾರವು ಸಾಧಿಸಬೇಕಾದ್ದನ್ನು ಇಲ್ಲಿ ಮನುಷ್ಯನು ತಾನೇ ಸಾಧಿಸಿಕೊಳ್ಳಬೇಕು. ಈ ನಿಯಮವನ್ನು ಹೊಸ ಅಧಿನಿಯಮವೂ ತನ್ನ ೧೬ನೆಯ ಪ್ರಕರಣದಲ್ಲಿ ಉಳಿಸಿಕೊಂಡಿದೆ.

ದಂಡದ ವಿಷಯದಲ್ಲಿ ಹೊಸ ಅಧಿನಿಯಮವು ಹಿಂದಿನದಕ್ಕಿಂತ ವಿವೇಕವುಳ್ಳದ್ದು ಎಂದು ಹೇಳಬೇಕು. ೨೧ನೆಯ ಪ್ರಕರಣವು ಸಲ್ಲತಕ್ಕ ಪಾಸ್‌ಪೋರ್ಟು ಮೊದಲಾದ ಪತ್ರಗಳಿಲ್ಲದೆ ದೇಶವನ್ನು ಹೊಕ್ಕವನದು; ಅವನಿಗೆ ಐದು ವರ್ಷಗಳವರೆಗೆ ಸೆರೆವಾಸ, ಅಥವಾ ೫ ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ. ೨೨ನೆಯದು ಸುಳ್ಳು ಪತ್ರಗಳನ್ನು ತಿಳಿದೂ ಬಳಸಿದವನದು. ಅವನಿಗೆ ಎರಡು ವರ್ಷಗಳಿಗೆ ಕಡಮೆಯಿಲ್ಲದ, ಏಳು ವರ್ಷಗಳಿಗೆ ಮೀರದ ಸೆರೆವಾಸವೂ, ೧ ಲಕ್ಷಕ್ಕೆ ಕಡಮೆಯಿಲ್ಲದ, ೧೦ ಲಕ್ಷಕ್ಕೆ ಮೀರದ ಜುಲ್ಮಾನೆಯೂ ಉಂಟು. ೨೩ನೆಯದು ವೀಸಾದಿಂದಲೇ ಬಂದು ಅವಧಿಯನ್ನು ಮೀರಿದವನದು. ಅವನಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಅಥವಾ ೩ ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ. ಹಳೆಯ ಕಾಯಿದೆಯಲ್ಲಿ ‘ಸೆರೆವಾಸವೂ ಜುಲ್ಮಾನೆಯೂ’ ಎಂದಿದ್ದುದು ಈಗ ಅವಧಿಮೀರಿದವನಿಗೆ ‘ಸೆರೆವಾಸವೋ ಜುಲ್ಮಾನೆಯೋ’ ಎಂದಾಗಿದೆ. ಸಮುಚ್ಚಯವು ವಿಕಲ್ಪವಾದ ಈ ಒಂದು ಅವ್ಯಯದ ಬದಲಾವಣೆಯಿಂದ, ಮರೆವಿನಿಂದ ಉಳಿದವನನ್ನು ಸೆರೆಮನೆಗೆ ಕಳುಹಿಸದೆ ಹಣ ತೆರಿಸಿ ಬಿಡುವ ದಾರಿಯು ನ್ಯಾಯಾಧೀಶನಿಗೆ ತೆರೆದಿದೆ. ಮೀಮಾಂಸೆಯನ್ನು ಓದಿದವರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಅಮುದ್ರ, ಕೂಟಮುದ್ರ ಎಂಬ ಕೌಟಿಲ್ಯನ ವಿಭಾಗವು ೨೧, ೨೨ನೆಯ ಪ್ರಕರಣಗಳಲ್ಲಿ ಹಾಗೆಯೇ ಬಂದು ಕುಳಿತಿರುವುದೂ, ಅವುಗಳೊಳಗೆ ಕೂಟಮುದ್ರೆಗೇ ಹೆಚ್ಚಿನ ದಂಡವಿರುವುದೂ ಗಮನಿಸತಕ್ಕದ್ದು. ೨೩ನೆಯದಕ್ಕೆ ಮಾತ್ರ ಹಳೆಯ ಹೆಸರು ಸಿಕ್ಕುವುದಿಲ್ಲ. ಆದಕಾರಣ ಕನ್ನಡದಲ್ಲಿ ಇದಕ್ಕೆ ‘ಅವಧಿಮೀರಿಕೆ’ ಎಂದೂ, ಅಂಥವನನ್ನು ‘ಅವಧಿಮೀರಿದವನು’ ಎಂದೂ ಹೇಳುವುದು ಯುಕ್ತವೆಂದು ತೋರುತ್ತದೆ. ಮಾತು ಚಿಕ್ಕದು, ಅರ್ಥವು ಬಿಗಿಯಾದ್ದು. ಅದರೊಳಗೆ ನಿಂದೆಯೂ ಇಲ್ಲ.

ಹಾಸನದ ಸೀಮೆಯಲ್ಲಿ ಈ ಅಪರಾಧವು ಹೇಗೆ ಒದಗಬಹುದೆಂಬುದನ್ನು ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುವುದು. ಹೊಳೆನರಸೀಪುರದಲ್ಲಿ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ಅಧ್ಯಾತ್ಮಪ್ರಕಾಶ ಕಾರ್ಯಾಲಯವಿದೆ; ಶಾಂಕರಭಾಷ್ಯದ ವಿಚಾರಕ್ಕಾಗಿ ಅದರ ಹೆಸರು ಸಮುದ್ರದಾಚೆಗೂ ಹೋಗಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನೂ ಪ್ರಾಕೃತ ಅಧ್ಯಯನ ಸಂಸ್ಥೆಯೂ ಇದ್ದು, ಅಲ್ಲಿಯ ಬಂಡೆಗಳ ಮೇಲೆ ಉತ್ತರದೇಶದ ಯಾತ್ರಿಕರು ನಾಗರಿಯಲ್ಲಿ ಕೆತ್ತಿಸಿದ ಲೇಖಗಳು ಎಷ್ಟೋ ಇವೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಸಂಗೀತ ವಿದ್ವಾಂಸರ ಊರು. ಇವುಗಳಲ್ಲಿ ಯಾವುದಾದರೊಂದಕ್ಕೆ ಹೊರದೇಶದ ಜಿಜ್ಞಾಸುವೊಬ್ಬನು ಪ್ರವಾಸದ ವೀಸಾದಿಂದ ಬಂದನೆಂದು ಇಟ್ಟುಕೊಳ್ಳೋಣ. ವೀಸಾ ಒಂದು ವರ್ಷಕ್ಕೋ ಐದು ವರ್ಷಕ್ಕೋ ಸಲ್ಲುವುದೆಂದು ಅದರ ಮೇಲೆ ಬರೆದಿರುತ್ತದೆ. ಅದೇ ವೀಸಾದ ಷರತ್ತಿನಲ್ಲಿ ಒಂದು ಸಲಕ್ಕೆ ಇಷ್ಟೇ ದಿನ ಇರಬೇಕೆಂಬ ಇನ್ನೊಂದು ಮಿತಿಯೂ ಇರಬಹುದು. ಮೊದಲನೆಯದು ಬಾಗಿಲು ತೆರೆದಿರುವ ಕಾಲ. ಎರಡನೆಯದು ಒಳಗೆ ಕುಳಿತಿರಬಹುದಾದ ಕಾಲ. ಮೊದಲನೆಯದನ್ನು ಓದಿ ಎರಡನೆಯದನ್ನು ಓದದವನು, ತನ್ನ ಪತ್ರವು ಜೀವಂತವಾಗಿಯೇ ಇದೆಯೆಂಬ ನಂಬಿಕೆಯಲ್ಲಿ, ೨೩ನೆಯ ಪ್ರಕರಣಕ್ಕೆ ಗುರಿಯಾಗುತ್ತಾನೆ. ೧೮೦ ದಿನಗಳಿಗೆ ಮೀರಿದ ವಾಸದ ವೀಸಾಗಳಲ್ಲಿ ಬಂದವರು ೧೪ ದಿನಗಳೊಳಗಾಗಿ ವಿದೇಶೀಯರ ನೋಂದಣಾಧಿಕಾರಿಯಲ್ಲಿ ಹೆಸರು ಬರೆಸಿಕೊಳ್ಳಬೇಕೆಂಬ ನಿಯಮವೂ ಉಂಟು. ಬೆಂಗಳೂರಿನಲ್ಲಿ ಅದಕ್ಕೆ ಪ್ರತ್ಯೇಕ ಕಚೇರಿಯಿದೆ. ೨೦೧೮ರಿಂದೀಚೆಗೆ ಅರ್ಜಿಗಳನ್ನು ಅಂತರ್ಜಾಲದ ಮೂಲಕವೇ ಸಲ್ಲಿಸಬಹುದಾಗಿದೆ.

ಅವಧಿಯಂತೆ ಉದ್ದೇಶವೂ ಮೀರಬಾರದು. ಅದೇ ೨೩ನೆಯ ಪ್ರಕರಣವು ವೀಸಾದ ಷರತ್ತುಗಳಿಗೆ ವಿರುದ್ಧವಾಗಿ ನಡೆದವನಿಗೂ ಅದೇ ದಂಡವನ್ನು ಹೇಳುತ್ತದೆ. ಪ್ರವಾಸಕ್ಕೆಂದು ಬಂದವನು ಕ್ರಮವಾದ ಸಂಶೋಧನೆಗೆ ತೊಡಗಿದರೆ, ಅವಧಿಯು ಇನ್ನೂ ಉಳಿದಿದ್ದರೂ ತೊಡಕಿಗೆ ಸಿಕ್ಕಬಹುದು. ಪರದೇಶದ ವಿದ್ವಾಂಸರನ್ನು ಆಹ್ವಾನಿಸುವ ಸಂಸ್ಥೆಗಳವರು ಇದನ್ನು ತಿಳಿದಿರಬೇಕು. ಜೀವಾವಧಿ ವೀಸಾ ಎನಿಸಿದ ಸಾಗರೋತ್ತರ ಭಾರತೀಯರ ಗುರುತುಪತ್ರವುಳ್ಳವರು ಸಹ ಸಂಶೋಧನೆಗೆ ಪ್ರತ್ಯೇಕ ಅನುಮತಿ ಪಡೆಯಬೇಕೆಂದು ೨೦೨೧ರ ಪ್ರಕಟಣೆಯು ವಿಧಿಸಿದೆ.

ಅತಿಥಿಗೆ ಇರುವಂತೆ ಆತಿಥೇಯನಿಗೂ ವಿಧಿಗಳುಂಟು. ಅಧಿನಿಯಮದ ೮, ೯, ೧೦ನೆಯ ಪ್ರಕರಣಗಳು ಕ್ರಮವಾಗಿ ವಸತಿ ಕೊಡುವವರಿಗೂ, ವಿದ್ಯಾಸಂಸ್ಥೆಗಳಿಗೂ, ಆಸ್ಪತ್ರೆಗಳಿಗೂ ವಿದೇಶೀಯರ ವರದಿಯನ್ನು ಅಧಿಕಾರಿಗೆ ಸಲ್ಲಿಸುವ ಹೊಣೆಯನ್ನು ಹೊರಿಸಿವೆ. ವಸತಿಗೃಹದವರಿಗೆ ‘ಸಿ ನಮೂನೆ’ ಎಂಬ ಹೆಸರಿನಿಂದ ಪರಿಚಿತವಾಗಿದ್ದ, ೨೪ ಗಂಟೆಗಳೊಳಗೆ ಕೊಡಬೇಕಾದ ವರದಿಯು ಇದೇ. ಮನೆಯಲ್ಲಿ ಪರದೇಶದವನನ್ನು ಇರಿಸಿಕೊಂಡ ಗೃಹಸ್ಥನೂ ಇದಕ್ಕೆ ಹೊರತಲ್ಲ. ಇದು ಹೊಸ ಕಾಟವೆಂದು ಗೊಣಗುವವರು ಅರ್ಥಶಾಸ್ತ್ರದ ನಾಗರಿಕಪ್ರಣಿಧಿಯನ್ನು ಓದಬಹುದು. ಧರ್ಮಾವಸಥವನ್ನು, ಎಂದರೆ ಛತ್ರವನ್ನು, ನಡೆಯಿಸುವವರು ಪಾಷಂಡಿಗಳಿಗೂ ದಾರಿಹೋಕರಿಗೂ ಮೊದಲು ತಿಳಿಸಿದ ನಂತರವೇ ಇಂಬು ಕೊಡಬೇಕೆಂದು ಅಲ್ಲಿದೆ. ಮನೆಗೆ ಬಂದವನನ್ನೂ ಮನೆಯಿಂದ ಹೋದವನನ್ನೂ ತಿಳಿಸದಿದ್ದರೆ, ಆ ರಾತ್ರಿ ನಡೆದ ಅಪರಾಧದಲ್ಲಿ ಮನೆಯವನಿಗೂ ಪಾಲು. ಏನೂ ನಡೆಯದೆ ಕ್ಷೇಮವಾಗಿ ಕಳೆದ ರಾತ್ರಿಗೂ ಮೂರು ಪಣ ದಂಡ. ಶ್ರವಣಬೆಳಗೊಳದ ಯಾತ್ರಿನಿವಾಸದ ಗುಮಾಸ್ತನು ಇಂದು ಗಣಕದಲ್ಲಿ ತುಂಬುವ ವಿವರವು ಗೋಪನೆಂಬ ಅಧಿಕಾರಿಯ ಲೆಕ್ಕದಲ್ಲಿ ಬರೆಯಲ್ಪಡುತ್ತಿದ್ದ ವಿವರದಿಂದ ಬಹು ದೂರವೇನೂ ಹೋಗಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಸಂದರ್ಭವು ಮನೆಮನೆಗಳಲ್ಲಿದೆ. ಹಾಸನ, ಅರಕಲಗೂಡುಗಳ ಕುಟುಂಬಗಳ ಮಕ್ಕಳು ಅಮೆರಿಕದಲ್ಲಿ ನೆಲಸಿ, ಅಲ್ಲಿ ಹುಟ್ಟಿದ ಮಗುವನ್ನು ತಾತ ಅಜ್ಜಿಯರ ಬಳಿ ಬಿಟ್ಟು ಹೋಗುವುದುಂಟು. ಅಲ್ಲಿ ಹುಟ್ಟಿದ ಮಗುವು ಆ ದೇಶದ ಪ್ರಜೆ. ಕೈಯಲ್ಲಿ ಆ ದೇಶದ ಪಾಸ್‌ಪೋರ್ಟು. ಸಾಗರೋತ್ತರ ಭಾರತೀಯರ ಗುರುತುಪತ್ರವನ್ನು ಮಾಡಿಸದೆ ಸಾಧಾರಣ ವೀಸಾದ ಮೇಲೆ ಬಂದಿದ್ದರೆ, ತೊಟ್ಟಿಲಲ್ಲಿ ಮಲಗಿರುವ ಆ ಮೊಮ್ಮಗುವೂ ಕಾಯಿದೆಯ ಕಣ್ಣಿಗೆ ವಿದೇಶೀಯನೇ. ಮಗುವಿನ ಅವಧಿಯು ಮೀರಿದ್ದು, ಹಿಂದಿರುಗುವ ದಿನ ವಿಮಾನ ನಿಲ್ದಾಣದಲ್ಲಿ ನಿರ್ಗಮನದ ಪರವಾನಗಿಯನ್ನು ಕೇಳಿದಾಗ ಮಾತ್ರ ಹಿರಿಯರಿಗೆ ತಿಳಿಯಬಹುದು. ಇಂಥಲ್ಲಿ ಮೊಕದ್ದಮೆಗೆ ಹೋಗದೆ, ಮೀರಿದ ದಿನಗಳಿಗೆ ತಕ್ಕ ಹಣವನ್ನು ಕಟ್ಟಿಸಿಕೊಂಡು ಹೊರಡಲು ಬಿಡುವುದು ರೂಢಿ.

ಆ ಹಣದ ಪ್ರಮಾಣದಲ್ಲಿ ಒಂದು ವಿಶೇಷವಿದ್ದಿತು. ೨೦೧೯ರಲ್ಲಿ ನಡೆಯುತ್ತಿದ್ದ ಪಟ್ಟಿಯಂತೆ ಸಾಮಾನ್ಯ ವಿದೇಶೀಯನಿಗೆ ೯೦ ದಿನಗಳವರೆಗೆ ೩೦೦ ಡಾಲರು, ಎರಡು ವರ್ಷಗಳವರೆಗೆ ೪೦೦, ಅದಕ್ಕೆ ಮೀರಿದರೆ ೫೦೦ ಡಾಲರು. ಪಾಕಿಸ್ತಾನ, ಬಾ೦ಗ್ಲಾದೇಶ, ಆಫ್ಘಾನಿಸ್ತಾನಗಳ ಅಲ್ಪಸಂಖ್ಯಾತ ಮತಸ್ಥರಿಗೆ ಅದೇ ದಿನಗಳಿಗೆ ಕ್ರಮವಾಗಿ ೧೦೦, ೨೦೦, ೫೦೦ ರೂಪಾಯಿಗಳು. ಆ ವರ್ಷದ ನವೆಂಬರಿನಲ್ಲಿ ಕೋಲ್ಕತ್ತಕ್ಕೆ ಬಂದಿದ್ದ ಬಾಂಗ್ಲಾದೇಶದ ಕ್ರಿಕೆಟ್ ಆಟಗಾರ ಸೈಫ್ ಹಸನ್ ಅವಧಿ ಮೀರಿದ ಅತ್ಯಲ್ಪ ಕಾಲಕ್ಕಾಗಿ ೨೧,೬೦೦ ರೂಪಾಯಿ ತೆತ್ತು ಊರಿಗೆ ಹೋಗಬೇಕಾಯಿತು. ಪೀಡಿತರಾಗಿ ಬಂದವರಿಗೆ ರಿಯಾಯಿತಿ ತೋರುವುದರಲ್ಲಿ ದಯೆಯಿದೆ. ಆದರೆ ಸಮಾನ ದಿನಗಳಿಗೆ ಅಸಮಾನ ದಂಡವು, ಅಪರಾಧವನ್ನು ಅಳೆಯುತ್ತಿದೆಯೋ ಅಪರಾಧಿಯ ಕುಲವನ್ನು ಅಳೆಯುತ್ತಿದೆಯೋ ಎಂಬ ಶಂಕೆಗೆ ಎಡೆಕೊಡುತ್ತದೆ. ಸ್ಮೃತಿಗಳೂ ಈ ಆಕ್ಷೇಪದಿಂದ ತಪ್ಪಿಸಿಕೊಳ್ಳಲಾರವು. ವರ್ಣಭೇದದಿಂದ ದಂಡಭೇದವನ್ನು ಅವು ಹೇಳಿಯೇ ಇವೆ. ಆದರೂ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ದಂಡವನ್ನು ವಿಧಿಸುವ ಮುನ್ನ ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕರ್ಮ, ವಿತ್ತ ಇವುಗಳನ್ನು ತಿಳಿಯಬೇಕೆಂಬ ವಿಧಿಯಿದೆ. ಆ ಪಟ್ಟಿಯೊಳಗಿನ ವಯಸ್ಸು, ವಿತ್ತ ಎಂಬ ಎರಡನ್ನಾದರೂ ಇಂದಿನ ಅಧಿಕಾರಿಯು ಮರೆಯಬಾರದು.

ಅವಧಿಯು ಕಲ್ಲಿನ ಮೇಲಣ ಬರಹವೂ ಅಲ್ಲ. ಕೊಟ್ಟ ಸರ್ಕಾರವು ಅದನ್ನು ಹಿಗ್ಗಿಸಬಲ್ಲುದು, ಕುಗ್ಗಿಸಬಲ್ಲುದು. ಕೋವಿಡ್ ಮಹಾಮಾರಿಯಿಂದ ವಿಮಾನಗಳು ನಿಂತಾಗ ಇಲ್ಲಿ ಸಿಕ್ಕಿಕೊಂಡ ವಿದೇಶೀಯರ ಅವಧಿಯನ್ನು ದಂಡವಿಲ್ಲದೆ ೨೦೨೧ರವರೆಗೆ ಮುಂದಕ್ಕೆ ಹಾಕಲಾಯಿತು. ಇದಕ್ಕೆ ವಿರುದ್ಧವಾಗಿ, ೨೦೨೫ರ ಏಪ್ರಿಲ್ ೨೨ರಂದು ಪಹಲ್ಗಾಮಿನಲ್ಲಿ ಹತ್ಯೆಗಳು ನಡೆದ ಬಳಿಕ ಪಾಕಿಸ್ತಾನದ ಪ್ರಜೆಗಳ ವೀಸಾಗಳು, ದೀರ್ಘಾವಧಿ ವೀಸಾ ಮೊದಲಾದ ಕೆಲವನ್ನು ಬಿಟ್ಟು, ಏಪ್ರಿಲ್ ೨೭ರಿಂದ ರದ್ದಾದವು. ಚಿಕಿತ್ಸೆಗೆ ಬಂದವರಿಗೆ ೨೯ರವರೆಗೆ ಗಡುವು. ತಿಂಗಳ ಅವಧಿಯನ್ನು ಕೈಯಲ್ಲಿ ಹಿಡಿದು ಬಂದವನು ಐದು ದಿನಗಳಲ್ಲಿ ಅವಧಿಮೀರುವ ಅಂಚಿಗೆ ಬಂದು ನಿಂತನು.

ನೆರೆಯ ನಾಡುಗಳವರೆಲ್ಲರೂ ಒಂದೇ ಕಟ್ಟಿಗೆ ಒಳಪಟ್ಟವರಲ್ಲ. ನೇಪಾಳ, ಭೂತಾನಗಳ ಪ್ರಜೆಗಳಿಗೆ ವೀಸಾ ಬೇಕಿಲ್ಲವಾದ್ದರಿಂದ, ಹಾಸನದ ಹೋಟೆಲಿನಲ್ಲಿ ದುಡಿಯುವ ನೇಪಾಳದವನಿಗೆ ಮೀರಲು ಅವಧಿಯೇ ಇಲ್ಲ. ಅರಕಲಗೂಡು ತಾಲ್ಲೂಕಿಗೆ ನೆರೆಯಾದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ೧೯೬೦ರ ಸುಮಾರಿನಿಂದ ನೆಲಸಿದ ಟಿಬೆಟ್ಟಿನವರ ಸ್ಥಿತಿ ಬೇರೆ. ಅವರು ವೀಸಾದಿಂದ ಬಂದವರಲ್ಲ. ನೋಂದಣಿ ಪತ್ರದ ಮೇಲೆ ಬಾಳುವ ವಿದೇಶೀಯರು. ೧೯೫೧ರ ನಿರಾಶ್ರಿತರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲವಾಗಿ, ನಿರಾಶ್ರಿತನೆಂಬ ವರ್ಗವು ಈ ಅಧಿನಿಯಮದಲ್ಲಿ ಪ್ರತ್ಯೇಕವಾಗಿ ಇಲ್ಲ, ಇರುವುದು ವಿನಾಯಿತಿ. ೨೦೨೫ರ ಸೆಪ್ಟೆಂಬರಿನಲ್ಲಿ ಹೊರಟ ವಿನಾಯಿತಿ ಆಜ್ಞೆಯಲ್ಲಿ ನೋಂದಣಿಯಾದ ಟಿಬೆಟ್ಟಿನವರೂ, ೨೦೧೫ರ ಜನವರಿ ೯ರ ವರೆಗೆ ಆಶ್ರಯ ಪಡೆದು ನೋಂದಣಿಯಾದ ಶ್ರೀಲಂಕೆಯ ತಮಿಳರೂ, ಮೇಲೆ ಹೇಳಿದ ಮೂರು ದೇಶಗಳಿಂದ ೨೦೨೪ರ ಡಿಸೆಂಬರ್ ೩೧ರೊಳಗೆ ಬಂದ ಅಲ್ಪಸಂಖ್ಯಾತರೂ ಸೇರಿದ್ದಾರೆ.

ನ್ಯಾಯಸ್ಥಾನಗಳು ಏನೆಂದಿವೆ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ಬೆಲ್ಜಿಯಂ ದೇಶದ ಲೂಯಿ ಡಿ ರೇಡ್ಟ್ ಎಂಬ ಪಾದ್ರಿಯು ೧೯೩೭ರಿಂದ ಭಾರತದಲ್ಲಿದ್ದವನು. ಅವನ ವಾಸದ ಅನುಮತಿಯನ್ನು ಮುಂದುವರಿಸದೆ ೧೯೮೭ರಲ್ಲಿ ದೇಶ ಬಿಡುವಂತೆ ಆಜ್ಞೆಯಾಯಿತು. ಸರ್ವೋಚ್ಚ ನ್ಯಾಯಾಲಯವು ೧೯೯೧ರಲ್ಲಿ ಆ ಆಜ್ಞೆಯನ್ನು ಎತ್ತಿಹಿಡಿಯಿತು. ವಿದೇಶೀಯನಿಗೆ ಸಂವಿಧಾನದ ೨೧ನೆಯ ಅನುಚ್ಛೇದದ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯುಂಟು. ೧೯ನೆಯ ಅನುಚ್ಛೇದವು ಪ್ರಜೆಗೆ ಕೊಡುವ ‘ಇಲ್ಲಿ ನೆಲಸುವ ಹಕ್ಕು’ ಇಲ್ಲವೆಂದು ಆ ತೀರ್ಪಿನ ಸಾರ. ಐವತ್ತು ವರ್ಷದ ವಾಸವೂ ವಾಸವೇ ಹೊರತು ಹಕ್ಕಲ್ಲ. ಎರಡನೆಯದು ಕರ್ನಾಟಕದ್ದೇ. ೨೦೨೫ರ ಜುಲೈ ತಿಂಗಳಲ್ಲಿ ಗೋಕರ್ಣದ ಬೆಟ್ಟದ ಗುಹೆಯೊಂದರಲ್ಲಿ ರಷ್ಯಾ ದೇಶದ ಮಹಿಳೆಯೊಬ್ಬಳು ಇಬ್ಬರು ಪುಟ್ಟ ಹೆಣ್ಣುಮಕ್ಕಳೊಡನೆ ಗಸ್ತಿನ ಪೊಲೀಸರಿಗೆ ಕಂಡುಬಂದಳು. ಆಕೆಯ ವ್ಯಾಪಾರದ ವೀಸಾ ೨೦೧೭ರಲ್ಲಿಯೇ ಮುಗಿದಿತ್ತು. ಉಚ್ಚ ನ್ಯಾಯಾಲಯವು ಮೊದಲು ಮಕ್ಕಳ ಹಿತವನ್ನು ಲಕ್ಷಿಸಿ ಅವಸರದ ಗಡೀಪಾರನ್ನು ತಡೆದು, ಅನಂತರ ಸೆಪ್ಟೆಂಬರಿನಲ್ಲಿ ತಾಯಿ ಮಕ್ಕಳು ಸ್ವದೇಶಕ್ಕೆ ಹೋಗುವುದಕ್ಕೆ ದಾರಿ ಮಾಡಿಕೊಟ್ಟಿತು. ಕಾಯಿದೆಯ ದೃಷ್ಟಿಗೆ ಇದು ಅವಧಿಮೀರಿಕೆ. ಮಕ್ಕಳಿಬ್ಬರು ಯಾವ ಅವಧಿಯನ್ನು ಮೀರಿದರೆಂಬ ಪ್ರಶ್ನೆಗೆ ಕಾಯಿದೆಯ ಮಾತುಗಳಲ್ಲಿ ಉತ್ತರ ಹುಡುಕುವುದು ಸುಲಭವಲ್ಲ. ನ್ಯಾಯಾಲಯವು ಹಿತವೆಂಬ ಬೇರೊಂದು ಅಳತೆಯನ್ನು ಕೈಗೆತ್ತಿಕೊಂಡುದು ಅದಕ್ಕಾಗಿಯೇ ಇರಬೇಕು.

ಕನ್ನಡಿಗರೇ ಪರದೇಶದಲ್ಲಿ ಅವಧಿಮೀರಿದರೆ ಗತಿಯೇನು ಎಂಬುದೂ ಇಲ್ಲಿಯ ವಿಚಾರಕ್ಕೆ ಸೇರಿದ್ದು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಮೀರಿದ ಪ್ರತಿ ದಿನಕ್ಕೆ ೫೦ ದಿರ್ಹಮುಗಳು. ಆಗಾಗ ಕ್ಷಮಾಪಣೆಯ ಕಾಲವನ್ನೂ ಸಾರುತ್ತಾರೆ. ೨೦೨೪ರಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರಿನ ಕೊನೆಯವರೆಗೆ ಅಂಥ ಅವಕಾಶವಿದ್ದಿತು. ಅಮೆರಿಕದಲ್ಲಿ ಕ್ರಮವೇ ಬೇರೆ. ಅಲ್ಲಿ ಅವಧಿಮೀರಿಕೆಯೊಂದೇ ಸೆರೆವಾಸದ ಅಪರಾಧವಾಗುವುದಿಲ್ಲ; ಆದರೆ ಬಾಗಿಲು ಮುಚ್ಚುತ್ತದೆ. ೧೯೯೬ರ ಶಾಸನದಂತೆ ೧೮೦ ದಿನಗಳಿಗೆ ಮೀರಿ ಉಳಿದು ಹೊರಟವನು ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದವನು ಹತ್ತು ವರ್ಷ ಒಳಗೆ ಬರುವಂತಿಲ್ಲ. ಒಂದು ದಿನ ಮೀರಿದರೂ ಕೈಯಲ್ಲಿದ್ದ ವೀಸಾ ಸತ್ತುಹೋಗುತ್ತದೆ. ಮಗಳ ಬಾಣಂತನಕ್ಕೆ ಹೋಗುವ ಚನ್ನರಾಯಪಟ್ಟಣದ ತಾಯಿಗೆ ಹತ್ತು ವರ್ಷದ ವೀಸಾ ಸಿಕ್ಕಿರುತ್ತದೆ. ಅಲ್ಲಿ ಇಳಿದಾಗ ಗಡಿಯ ಅಧಿಕಾರಿ ಬರೆಯುವ ಗಡುವು ಸಾಮಾನ್ಯವಾಗಿ ಆರು ತಿಂಗಳು. ಪಾಲಿಸಬೇಕಾದ್ದು ಎರಡನೆಯದನ್ನು.

ವೀಸಾ ಬೇಕಿಲ್ಲದವರೂ ಉಂಟು. ೨೦೨೪ರ ಏಪ್ರಿಲ್ ಕೊನೆಯಲ್ಲಿ ಹಾಸನ ಕ್ಷೇತ್ರದ ಅಂದಿನ ಲೋಕಸಭಾ ಸದಸ್ಯರು, ಅಪರಾಧದ ಆರೋಪಗಳೆದ್ದ ಸಮಯದಲ್ಲಿ, ರಾಜತಾಂತ್ರಿಕ ಪಾಸ್‌ಪೋರ್ಟಿನ ಮೇಲೆ ಜರ್ಮನಿಗೆ ಹೋದಾಗ, ಆ ಪಾಸ್‌ಪೋರ್ಟಿಗೆ ಅಲ್ಲಿ ವೀಸಾ ಬೇಡವೆಂದು ವಿದೇಶಾಂಗ ಸಚಿವಾಲಯವು ತಿಳಿಸಿತು. ಆಗ ಚರ್ಚೆಯು ವೀಸಾವನ್ನು ಬಿಟ್ಟು ಪಾಸ್‌ಪೋರ್ಟನ್ನೇ ರದ್ದುಮಾಡುವ ವಿಚಾರಕ್ಕೆ ತಿರುಗಿತು. ಮೇ ೩೧ರಂದು ಅವರು ಬೆಂಗಳೂರಿಗೆ ಹಿಂದಿರುಗಿ ಬಂಧಿತರಾದರು. ಪರದೇಶದಲ್ಲಿರುವ ತನ್ನ ಪ್ರಜೆಯನ್ನು ಹಿಂದೆ ಕರೆಸಲು ಸ್ವದೇಶದ ಕೈಯಲ್ಲಿರುವ ದಾರವು ಪಾಸ್‌ಪೋರ್ಟು, ವೀಸಾ ಅಲ್ಲ ಎಂಬ ಭೇದವು ಹಾಸನದ ಚಹದಂಗಡಿಗಳಲ್ಲಿ ಕೂಡ ಆ ತಿಂಗಳು ಪರಿಚಿತವಾಗಿರಬೇಕು.

ಇನ್ನು ಭಾಷೆಯ ವಿಚಾರ. ತಾಲ್ಲೂಕಿನ ಪೊಲೀಸ್ ಠಾಣೆಯಲ್ಲಿ ಪ್ರಥಮ ವರ್ತಮಾನ ವರದಿಯು ಕನ್ನಡದಲ್ಲಿ ಬರೆಯಲ್ಪಡುತ್ತದೆ. ಅದನ್ನು ಬರೆಯುವವನು ಶಾಲೆಯಲ್ಲಿ ಕನ್ನಡ ಕಲಿತು, ಪತ್ರಿಕೆಗಳಲ್ಲಿ ಓದಿದ ಮಾತುಗಳನ್ನೇ ಬಳಸುವವನು. ಆತನು ‘ಅಕ್ರಮವಾಗಿ ನುಸುಳಿದ’ ಎಂದು ಬರೆದರೆ ೨೧ನೆಯ ಪ್ರಕರಣದ ವರ್ಣನೆಯಾಗುತ್ತದೆ. ‘ಅವಧಿ ಮೀರಿ ಉಳಿದ’ ಎಂದು ಬರೆದರೆ ೨೩ನೆಯದರದು. ಸೆರೆವಾಸದ ಮೇಲ್ಮಿತಿಯಲ್ಲಿ ಎರಡು ವರ್ಷ, ಜುಲ್ಮಾನೆಯಲ್ಲಿ ೨ ಲಕ್ಷ ರೂಪಾಯಿ, ಇದು ಆ ಎರಡು ಕ್ರಿಯಾಪದಗಳ ನಡುವಣ ಅಂತರ. ‘ನುಸುಳು’ ಎಂಬ ಧಾತುವಿನಲ್ಲಿ ಕಳ್ಳತನದ ಅರ್ಥವು ಅಡಗಿದೆ. ‘ಉಳಿ’ ಎಂಬುದರಲ್ಲಿ ಅದಿಲ್ಲ. ಪ್ರವೇಶದ ಮುದ್ರೆಯು ಪಾಸ್‌ಪೋರ್ಟಿನಲ್ಲಿ ಇದೆಯೇ ಇಲ್ಲವೇ ಎಂದು ಒಮ್ಮೆ ತೆರೆದು ನೋಡಿ, ಅನಂತರ ಕ್ರಿಯಾಪದವನ್ನು ಆರಿಸಿಕೊಳ್ಳಬೇಕು.